ನಂಬಿ ಉಣ್ಣುವ ಊಟ

ಜಪಾನೀ ಭಾಷೆಯಲ್ಲಿ 'ಒಮಕಸೆ' ಎಂಬ ಮಾತೊಂದಿದೆ. ವಹಿಸಿಕೊಡು, ಒಪ್ಪಿಸು ಎಂಬ ಅರ್ಥದ 'ಮಕಸೆರು' ಎಂಬ ಕ್ರಿಯಾಪದದಿಂದ ಹುಟ್ಟಿದ ನಾಮಪದಕ್ಕೆ ಗೌರವಸೂಚಕವಾದ 'ಒ' ಎಂಬ ಅಕ್ಷರ ಮೊದಲಲ್ಲಿ ಸೇರಿ ಈ ರೂಪ ಸಿದ್ಧವಾಗಿದೆ. ಕನ್ನಡದಲ್ಲಿ ಹೇಳುವುದಾದರೆ 'ತಮಗೇ ಬಿಟ್ಟಿದ್ದೇನೆ', 'ತಮ್ಮ ಚಿತ್ತ' ಎಂದಂತೆ. ಜಪಾನಿನ ಜನ ಈ ಮಾತನ್ನು ಕ್ಷೌರದ ಅಂಗಡಿಯಲ್ಲಿ ಆಡಬಹುದು, ಹೂವಿನ ಅಂಗಡಿಯಲ್ಲಿಯೂ ಆಡಬಹುದು. ಆದರೆ ಇಂದು ಜಗತ್ತಿನ ದೊಡ್ಡ ನಗರಗಳಲ್ಲಿ ಈ ಪದ ಪ್ರಸಿದ್ಧವಾಗಿರುವುದು ಊಟದ ಸಂಬಂಧದಿಂದ. ಊಟದ ಮನೆಗೆ ಹೋಗಿ, ಏನು ಬೇಕು ಎಂದು ತಾನು ಹೇಳದೆ, ಬಡಿಸುವವನು ಏನು ಕೊಡುತ್ತಾನೋ ಅದನ್ನು, ಅವನು ಕೊಟ್ಟ ಕ್ರಮದಲ್ಲಿಯೇ ಉಣ್ಣುವ ಪದ್ಧತಿಗೆ ಒಮಕಸೆ ಎಂದು ಹೆಸರು.

ಹಣ ಕೊಟ್ಟವನಿಗೆ ಆಯ್ಕೆಯ ಅಧಿಕಾರವುಂಟು ಎಂಬುದು ನಮ್ಮ ಕಾಲದ ದೊಡ್ಡ ನಂಬಿಕೆಗಳಲ್ಲಿ ಒಂದು. ಹೋಟೆಲಿನ ತಿಂಡಿಪಟ್ಟಿಯಿಂದ ಹಿಡಿದು ಬಟ್ಟೆಯಂಗಡಿಯವರೆಗೆ ಎಲ್ಲ ವ್ಯಾಪಾರವೂ ಅದರ ಮೇಲೆಯೇ ನಿಂತಿದೆ. ಹೀಗಿರುವಾಗ ಸಾಮಾನ್ಯ ಊಟದ ಹತ್ತಾರು ಪಾಲು ಹಣ ತೆತ್ತು, ಆಯ್ಕೆಯ ಅಧಿಕಾರವನ್ನೂ ಬಿಟ್ಟುಕೊಟ್ಟು ಬರುವವರು ಪಡೆಯುವುದಾದರೂ ಏನನ್ನು? ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಭಾಷಣದ ಉದ್ದೇಶ. ೨೦೨೩ರ ನವೆಂಬರಿನಲ್ಲಿ, ಟೋಕಿಯೋ ನಗರದಲ್ಲಿ ಉದ್ಯೋಗದಲ್ಲಿರುವ ನನ್ನ ಮಗನ ಮನೆಯಲ್ಲಿ ಕೆಲವು ವಾರ ಇದ್ದಾಗ ಇಂಥದೊಂದು ಊಟ ನನಗೂ ಒದಗಿತ್ತು. ನನ್ನ ಮಾತಿಗೆ ಆ ಅನುಭವದ ಆಧಾರವೂ ಸ್ವಲ್ಪ ಇದೆ.

ಒಮಕಸೆ ಬೇರೆ ಬೇರೆ ಬಗೆಯ ಊಟಗಳಿಗೆ ಅನ್ವಯಿಸುವುದಾದರೂ ಅದರ ಮುಖ್ಯ ನೆಲೆ ಸುಶಿಯ ಅಂಗಡಿ. ಆದುದರಿಂದ ಮೊದಲು ಸುಶಿ ಎಂದರೇನೆಂಬುದನ್ನು ತಿಳಿಯಬೇಕು. ಹುಳಿ ಹಾಕಿದ ಅನ್ನದ ಮೇಲೆ ಮೀನಿನ ಹೋಳನ್ನಿಟ್ಟು ಒತ್ತಿ ಕೊಡುವ ತುತ್ತು ಇದು. 'ಸುಶಿ' ಎಂಬುದು ಹಳೆಯ ಜಪಾನೀ ಭಾಷೆಯಲ್ಲಿ 'ಹುಳಿಯಾದುದು' ಎಂಬ ಅರ್ಥದ ಗುಣವಾಚಕ. ನಮ್ಮಲ್ಲಿ ಹುಳಿ ಎಂಬ ರುಚಿಯ ಹೆಸರೇ ಅನ್ನಕ್ಕೆ ಕಲಸಿಕೊಳ್ಳುವ ಪದಾರ್ಥದ ಹೆಸರೂ ಆಗಿದೆಯಲ್ಲವೆ? ಅಲ್ಲಿಯೂ ಹಾಗೆಯೇ ಆಯಿತು. ಅನ್ನದ ಮೇಲೆ ಮೀನಿಟ್ಟು ಒತ್ತಿದ ತುತ್ತಿಗೆ 'ನಿಗಿರಿ' ಎನ್ನುತ್ತಾರೆ. ಮುಷ್ಟಿಯಲ್ಲಿ ಹಿಡಿ ಎಂಬರ್ಥದ ಕ್ರಿಯಾಪದದಿಂದ ಬಂದ ಪದ ಅದು. ಕನ್ನಡದ 'ಹಿಡಿ' ಎಂಬ ಶಬ್ದ ಕ್ರಿಯೆಯೂ ಆಗಿ, ಅಳತೆಯೂ ಆಗಿರುವುದನ್ನು ನೆನೆದರೆ ಈ ಪದದ ಅಂತರಂಗ ನಮಗೆ ಸುಲಭವಾಗಿ ತಿಳಿಯುತ್ತದೆ.

ಸುಶಿಯ ಮೂಲರೂಪ ಈಗಿನದಕ್ಕಿಂತ ತೀರ ಬೇರೆಯಾಗಿತ್ತು. ಉಪ್ಪು ಹಾಕಿದ ಮೀನನ್ನು ಅನ್ನದೊಳಗೆ ಹುದುಗಿಸಿ ತಿಂಗಳುಗಟ್ಟಲೆ ಇಟ್ಟರೆ ಅನ್ನ ಹುಳಿತು ಮೀನು ಕೆಡದೆ ಉಳಿಯುತ್ತಿತ್ತು. ಉಣ್ಣುವಾಗ ಅನ್ನವನ್ನು ತೆಗೆದುಹಾಕಿ ಮೀನನ್ನು ಮಾತ್ರ ತಿನ್ನುತ್ತಿದ್ದರು. ಬಿವಾ ಸರೋವರದ ಸುತ್ತಿನ ಜನ ಇಂದಿಗೂ ಈ ಹಳೆಯ ಕ್ರಮದಲ್ಲಿ 'ಫುನಜುಶಿ' ಎಂಬುದನ್ನು ಮಾಡುತ್ತಾರೆ. ಕಾಲಕ್ರಮದಲ್ಲಿ, ಅನ್ನ ಹುಳಿಯುವವರೆಗೆ ಕಾಯುವುದಕ್ಕೆ ಬದಲಾಗಿ ಅನ್ನಕ್ಕೆ ಹುಳಿರಸವನ್ನೇ ಬೆರೆಸುವುದು ರೂಢಿಗೆ ಬಂತು. ೧೮೦೪ರಲ್ಲಿ ಹಾಂಡ ಎಂಬ ಊರಿನ ನಕನೋ ಮತಜಾಯೆಮೊನ್ ಎಂಬಾತ, ಅಕ್ಕಿಯ ಮದ್ಯ ಸೋಸಿದ ಮೇಲೆ ಉಳಿಯುವ ಗಸಿಯಿಂದ ವಿನೆಗರ್ ತಯಾರಿಸಲು ತೊಡಗಿದ. ಅದು ಹಡಗಿನಲ್ಲಿ ಎದೋ ನಗರಕ್ಕೆ ಬರತೊಡಗಿತು. ಎದೋ ಎಂದರೆ ಇಂದಿನ ಟೋಕಿಯೋ. ೧೮೨೦ರ ದಶಕದಲ್ಲಿ ಅದೇ ನಗರದ ರ್‍ಯೋಗೊಕು ಎಂಬಲ್ಲಿ ಹನಯ ಯೊಹೇಯಿ ಎಂಬ ವ್ಯಾಪಾರಿ, ಹುಳಿಯನ್ನದ ಮೇಲೆ ಹತ್ತಿರದ ಕೊಲ್ಲಿಯಲ್ಲಿ ಸಿಕ್ಕ ಮೀನನ್ನಿಟ್ಟು ಅಲ್ಲಿಯೇ ಒತ್ತಿ ಮಾರುವ ಕ್ರಮವನ್ನು ಪ್ರಸಿದ್ಧಗೊಳಿಸಿದನೆಂದು ಪ್ರತೀತಿ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಇಂದು ಇಷ್ಟು ಬೆಲೆಬಾಳುವ ಈ ಊಟ ಹುಟ್ಟಿದ್ದು ಬೀದಿಯ ತಳ್ಳುಗಾಡಿಯಂಥ ಅಂಗಡಿಗಳಲ್ಲಿ. ಕೂಲಿಯವರು, ಕುಶಲಕರ್ಮಿಗಳು, ಸ್ನಾನಗೃಹಕ್ಕೆ ಹೋಗಿಬರುವವರು ನಿಂತ ನಿಲುವಿನಲ್ಲಿ ಎರಡು ಮೂರು ತುತ್ತು ತಿಂದು ಹೋಗುತ್ತಿದ್ದರು. ಆಗಿನ ತುತ್ತು ಈಗಿನದಕ್ಕಿಂತ ಎರಡು ಮೂರು ಪಾಲು ದೊಡ್ಡದು. ಮಾಡಿಟ್ಟದ್ದು ಕಣ್ಣೆದುರಿಗೇ ಇರುತ್ತಿತ್ತು. ಗಿರಾಕಿ ಬೇಕಾದುದನ್ನು ಎತ್ತಿಕೊಳ್ಳುತ್ತಿದ್ದ. ಅಲ್ಲಿ ನಂಬಿಕೆಯ ಪ್ರಶ್ನೆ ಹೆಚ್ಚಾಗಿ ಏಳುತ್ತಿರಲಿಲ್ಲ. ೧೯೨೩ರ ಮಹಾಭೂಕಂಪದಲ್ಲಿ ಟೋಕಿಯೋ ನಾಶವಾದಾಗ ಸುಶಿ ಮಾಡುವವರನೇಕರು ತಮ್ಮ ತಮ್ಮ ಊರುಗಳಿಗೆ ಚದುರಿಹೋದರು. ನಗರದ ತಿನಿಸು ನಾಡಿನ ತಿನಿಸಾಯಿತು. ಎರಡನೆಯ ಮಹಾಯುದ್ಧದ ಅನಂತರ, ೧೯೪೭ರಲ್ಲಿ, ಆಹಾರದ ಅಭಾವದಿಂದಾಗಿ ಊಟದ ಮನೆಗಳನ್ನು ಸರ್ಕಾರ ಮುಚ್ಚಿಸಿತು. ಆಗ ಸುಶಿಯವರು ಒಂದು ಉಪಾಯ ಕಂಡುಕೊಂಡರು. ಗಿರಾಕಿ ತನ್ನ ಪಡಿತರದಿಂದ ಒಂದು 'ಗೋ' ಅಕ್ಕಿ, ಎಂದರೆ ಸುಮಾರು ೧೫೦ ಗ್ರಾಂ, ತಂದುಕೊಟ್ಟರೆ ಕೂಲಿ ಪಡೆದು ಹತ್ತು ತುತ್ತು ಮಾಡಿಕೊಡುವುದು. ತುತ್ತಿನ ಇಂದಿನ ಗಾತ್ರವೂ ಎಣಿಕೆಯೂ ಆ ಬಡತನದ ದಿನಗಳಲ್ಲಿ ನೆಲೆಗೊಂಡವೆಂದು ಹೇಳುತ್ತಾರೆ. ಬೀದಿಯ ಅಂಗಡಿಗಳು ನೈರ್ಮಲ್ಯದ ಕಾರಣದಿಂದ ಯುದ್ಧಾನಂತರ ಮರೆಯಾದವು. ಸುಶಿ ಮಾಳಿಗೆಯೊಳಗೆ ಸೇರಿತು.

ಒಳಗೆ ಸೇರಿದ ಮೇಲೆ ಕೇಳಿ ಉಣ್ಣುವುದಕ್ಕೆ ಮೂರು ದಾರಿಗಳಾದವು. ನಿಗದಿಯಾದ ತುತ್ತುಗಳನ್ನು ನಿಗದಿಯಾದ ಬೆಲೆಗೆ ಪಡೆಯುವುದು 'ಒಕಿಮರಿ'. ಒಂದೊಂದನ್ನೂ ತನ್ನ ಇಚ್ಛೆಯಂತೆ ಹೇಳಿ ಪಡೆಯುವುದು 'ಒಕೊನೊಮಿ'. ಎಲ್ಲವನ್ನೂ ಮಾಡುವವನಿಗೆ ಬಿಡುವುದು ಒಮಕಸೆ. ಈ ಮೂರನೆಯದು ಹಿಂದೆ ಬಹುಮಟ್ಟಿಗೆ ಬಳಕೆಯ ಗಿರಾಕಿ ಆಡುವ ಮಾತಾಗಿತ್ತು. ದೊಡ್ಡ ಅಂಗಡಿಗಳಲ್ಲಿ ಒಮಕಸೆಯೊಂದೇ ಕ್ರಮ ಎಂಬ ನಿಯಮ ಕಳೆದ ಕೆಲವು ದಶಕಗಳದು. ಇದಕ್ಕೆ ತೀರ ಎದುರಾದ ಇನ್ನೊಂದು ತುದಿಯೂ ಇದೆ. ೧೯೫೮ರಲ್ಲಿ ಒಸಾಕದ ಬಳಿ ಶಿರೈಶಿ ಯೊಶಿಯಾಕಿ ಎಂಬಾತ, ಬಿಯರ್ ಕಾರ್ಖಾನೆಯಲ್ಲಿ ಚಲಿಸುವ ಪಟ್ಟಿಯ ಮೇಲೆ ಸೀಸೆಗಳು ಸಾಗುವುದನ್ನು ಕಂಡು, ತಟ್ಟೆಗಳು ಗಿರಾಕಿಯ ಮುಂದೆ ತಾವಾಗಿಯೇ ಸುತ್ತಿಬರುವ ಸುಶಿ ಅಂಗಡಿಯನ್ನು ತೆರೆದ. ಅಲ್ಲಿ ಆಯ್ಕೆಯೆಲ್ಲ ಉಣ್ಣುವವನದು. ಮಾಡಿದವನ ಮುಖವನ್ನು ನೋಡುವ ಅಗತ್ಯವೂ ಇಲ್ಲ. ಇಂದಿನ ಜಪಾನಿನಲ್ಲಿ ಹೆಚ್ಚು ಜನ ಸುಶಿ ತಿನ್ನುವುದು ಅಂಥ ಅಗ್ಗದ ಅಂಗಡಿಗಳಲ್ಲಿಯೇ.

ಹಾಗಾದರೆ ಮಾಡುವವನಿಗೆ ಬಿಟ್ಟುಕೊಡುವುದರಿಂದ ಬರುವ ವಿಶೇಷವೇನು? ಇದನ್ನು ತಿಳಿಯಲು ಅವನ ಕೆಲಸವನ್ನು ಸ್ವಲ್ಪ ನೋಡಬೇಕು.

ನಾನು ಕರಾವಳಿಯವನು, ಕುಂದಾಪುರದ ಕಡೆಯ ಹಳ್ಳಿಯಲ್ಲಿ ಬಂಗುಡೆ, ಭೂತಾಯಿಗಳನ್ನು ಉಂಡು ಬೆಳೆದವನು. ಕಿವಿರನ್ನೆತ್ತಿ ಕೆಂಪನ್ನು ನೋಡುವುದು, ಕಣ್ಣಿನ ಹೊಳಪು ನೋಡುವುದು, ಬೆರಳಿನಿಂದ ಒತ್ತಿ ಮಾಂಸ ಹಿಂದಕ್ಕೆ ಬರುತ್ತದೆಯೇ ಎಂದು ಪರೀಕ್ಷಿಸುವುದು ನಮಗೆ ಎಳವೆಯಲ್ಲಿಯೇ ಬರುವ ವಿದ್ಯೆ. ಮೀನು ಎಷ್ಟು ತಾಜಾ ಆಗಿದ್ದರೆ ಅಷ್ಟು ರುಚಿ ಎಂಬುದು ನಮ್ಮ ಸಿದ್ಧಾಂತ. ಹಸಿಯಾಗಿ ತಿನ್ನುವವರಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲಬೇಕೆಂದು ತೋರುವುದು ಸಹಜ. ಆದರೆ ಎದೋ ಸಂಪ್ರದಾಯದ ಸುಶಿಯಲ್ಲಿ ಹಸಿಯಾದುದನ್ನು ಹಾಗೆಯೇ ಇಡುವುದು ಬಲು ಕಡಮೆ. ಶೀತಲಪೆಟ್ಟಿಗೆ ಇಲ್ಲದ ಕಾಲದಲ್ಲಿ ಹುಟ್ಟಿದ ಕಲೆಯಾದುದರಿಂದ ಪ್ರತಿಯೊಂದು ಮೀನಿಗೂ ಒಂದು ಸಂಸ್ಕಾರವಿದೆ. 'ಕೊಹದ' ಎಂಬ ಬೆಳ್ಳಿ ಬಣ್ಣದ ಸಣ್ಣ ಮೀನಿಗೆ ಉಪ್ಪು ಸವರಿಟ್ಟು, ತೊಳೆದು, ವಿನೆಗರಿನಲ್ಲಿ ಅದ್ದಿಡುತ್ತಾರೆ. ಉಪ್ಪಿನಲ್ಲಿ ಎಷ್ಟು ನಿಮಿಷ, ಹುಳಿಯಲ್ಲಿ ಎಷ್ಟು ನಿಮಿಷ ಎಂಬುದು ಆ ದಿನದ ಹವೆಯನ್ನೂ ಮೀನಿನ ಕೊಬ್ಬನ್ನೂ ಅವಲಂಬಿಸಿದೆ. ನಮ್ಮ ಬಂಗುಡೆಯ ಬಂಧುವಾದ 'ಸಬ'ಕ್ಕೂ ಇದೇ ಉಪಚಾರ. ಹಾವಿನಂತೆ ಉದ್ದವಾದ 'ಅನಗೊ' ಮೀನನ್ನು ಮೆತ್ತಗೆ ಬೇಯಿಸಿ, ಅದರದೇ ರಸವನ್ನು ಬತ್ತಿಸಿ ಮೇಲೆ ಸವರುತ್ತಾರೆ. ಟ್ಯೂನ ಮೀನಿನ ಕೆಂಪು ಭಾಗವನ್ನು ಸೋಯಾ ರಸದಲ್ಲಿ ನೆನೆಸುತ್ತಾರೆ. ಬಿಳಿಯ ಮಾಂಸದ ಮೀನನ್ನು ಕೊಂಬು ಎಂಬ ಕಡಲ ಸೊಪ್ಪಿನ ನಡುವೆ ಒತ್ತಿಡುತ್ತಾರೆ.

ಬಿಳಿಯ ಮೀನುಗಳಲ್ಲಿ ಕೆಲವನ್ನು ಹಲವು ದಿನ ಇಟ್ಟು ಮಾಗಿಸುವುದೂ ಉಂಟು. ಇದಕ್ಕೆ ಶಾಸ್ತ್ರೀಯವಾದ ಕಾರಣವಿದೆ. ೧೯೦೮ರಲ್ಲಿ ಇಕೆದ ಕಿಕುನೆ ಎಂಬ ರಸಾಯನಶಾಸ್ತ್ರಜ್ಞ ಕೊಂಬು ಸೊಪ್ಪಿನ ರುಚಿಗೆ ಗ್ಲುಟಮೇಟ್ ಕಾರಣವೆಂದು ತೋರಿಸಿ, ಉಪ್ಪು, ಹುಳಿ, ಸಿಹಿ, ಕಹಿಗಳಲ್ಲಿ ಸೇರದ ಆ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟರು. ೧೯೧೩ರಲ್ಲಿ ಅವರ ಶಿಷ್ಯ ಕೊದಮ ಶಿಂತರೋ, ಒಣಗಿಸಿದ ಕತ್ಸುವೊ ಮೀನಿನಲ್ಲಿ ಇದಕ್ಕೆ ಸಮಾನವಾದ ಇನ್ನೊಂದು ಪದಾರ್ಥವನ್ನು, ಇನೊಸಿನಿಕ್ ಆಮ್ಲವನ್ನು, ಗುರುತಿಸಿದರು. ಮೀನು ಸತ್ತ ಮೇಲೆ ಅದರ ಸ್ನಾಯುವಿನಲ್ಲಿ ಶಕ್ತಿಯಾಗಿದ್ದ ದ್ರವ್ಯವೇ ಒಡೆದು ಈ ಆಮ್ಲವಾಗುತ್ತದೆ. ಈಗ ತಾನೆ ಸತ್ತ ಮೀನಿನಲ್ಲಿ ಬಿಗಿ ಇರುತ್ತದೆ, ರುಚಿ ಇನ್ನೂ ಹುಟ್ಟಿರುವುದಿಲ್ಲ. ಹೆಚ್ಚು ಕಾಲ ಕಳೆದರೆ ರುಚಿಯೂ ಒಡೆದುಹೋಗುತ್ತದೆ. ಮೀನು ಒದ್ದಾಡಿ ಸತ್ತರೆ ಆ ಶಕ್ತಿ ಮೊದಲೇ ವ್ಯಯವಾಗಿಬಿಡುತ್ತದೆ. ಆದುದರಿಂದಲೇ ಬಲ್ಲ ಬೆಸ್ತರು ಹಿಡಿದೊಡನೆ ಮೀನಿನ ಮಿದುಳನ್ನು ಚುಚ್ಚಿ, ನೆತ್ತರು ಹರಿಸಿ, ಬೆನ್ನುಹುರಿಯಲ್ಲಿ ತಂತಿ ಹಾಯಿಸುತ್ತಾರೆ. 'ಇಕೆಜಿಮೆ' ಎಂಬ ಈ ಕ್ರಮ ಕೇಳುವುದಕ್ಕೆ ಕ್ರೂರವೆನಿಸಿದರೂ ದೋಣಿಯ ತಳದಲ್ಲಿ ಉಸಿರುಗಟ್ಟಿ ಸಾಯುವ ಸಾವಿಗಿಂತ ಇದು ಬೇಗನೆ ಮುಗಿಯುತ್ತದೆ.

ಹಸಿ ಮೀನಿನಲ್ಲಿ ಅಪಾಯವೂ ಇಲ್ಲದಿಲ್ಲ. ಅನಿಸಾಕಿಸ್ ಎಂಬ ನೂಲಿನಂಥ ಹುಳು ಸಬ ಮೊದಲಾದ ಮೀನುಗಳಲ್ಲಿರುತ್ತದೆ. ಹೊಟ್ಟೆಗೆ ಹೋದರೆ ಅಸಾಧ್ಯವಾದ ನೋವು ಕೊಡುತ್ತದೆ. ವಿನೆಗರಿನಿಂದ ಅದು ಸಾಯದು. ಸೊನ್ನೆಗಿಂತ ೨೦ ಡಿಗ್ರಿ ಕೆಳಗೆ ೨೪ ಗಂಟೆಗಳ ಕಾಲ ಹೆಪ್ಪುಗಟ್ಟಿಸಿದರೆ ಸಾಯುತ್ತದೆ ಎಂದು ಜಪಾನಿನ ಆರೋಗ್ಯ ಇಲಾಖೆ ತಿಳಿಸುತ್ತದೆ. ಹಾಗೆ ಮಾಡದವನು ಒಂದೊಂದು ಹೋಳನ್ನೂ ಬೆಳಕಿಗೆ ಹಿಡಿದು ಕಣ್ಣಿನಿಂದಲೇ ಶೋಧಿಸಬೇಕು. ಈ ವಿವರಗಳನ್ನೆಲ್ಲ ನಾನು ಹೇಳಿದ್ದು ಒಂದು ಕಾರಣಕ್ಕಾಗಿ. ಮೀನಿನ ಕಿವಿರನ್ನೆತ್ತಿ ನೋಡುವ ನಮ್ಮ ವಿದ್ಯೆ ಇಲ್ಲಿ ಸಾಲುವುದಿಲ್ಲ. ಯಾವುದು ಇಂದು ಪಕ್ವವಾಗಿದೆ, ಯಾವುದು ನಾಳೆಗೆ ಆದೀತು, ಯಾವುದನ್ನು ಕೊಡಲೇಬಾರದು ಎಂಬುದು ಅದರೊಡನೆ ಮೂರು ದಿನ ಕಳೆದವನಿಗೆ ಮಾತ್ರ ಗೊತ್ತು. ಅನ್ನ ಬೇಯಿಸಲು ಮೂರು ವರ್ಷ, ಹಿಡಿ ಕಟ್ಟಲು ಎಂಟು ವರ್ಷ ಎಂದು ಆ ವೃತ್ತಿಯವರಲ್ಲಿ ಮಾತಿದೆ. ಬಲ್ಲವನಿಗೆ ಬಿಡುವುದು ಅಲ್ಲಿ ವಿವೇಕವೇ ಸರಿ.

ಈಗ ಊಟದ ಮನೆಯೊಳಗೆ ಹೋಗೋಣ. ಇಂಥ ಅಂಗಡಿಗಳು ಸಣ್ಣವು. ಎಂಟು ಹತ್ತು ಪೀಠಗಳಿಗಿಂತ ಹೆಚ್ಚಿರುವುದು ವಿರಳ. ಹಿನೊಕಿ ಎಂಬ ಬಿಳಿಯ ಮರದ ಒಂದೇ ಉದ್ದನೆಯ ಹಲಗೆ. ಈಚೆ ಉಣ್ಣುವವರು, ಆಚೆ ಮಾಡುವವನು. ಅವನಿಗೆ 'ಇತಮಾಯೆ' ಎಂದು ಹೆಸರು. 'ಹಲಗೆಯ ಮುಂದಿನವನು' ಎಂದು ಅದರ ಅಕ್ಷರಾರ್ಥ. ಅಡುಗೆಮನೆ ಎಂಬ ಮರೆ ಅವನಿಗಿಲ್ಲ. ಅವನ ಕೈ, ಕತ್ತಿ, ಒರೆಸುವ ಬಟ್ಟೆ ಎಲ್ಲವೂ ಉಣ್ಣುವವರ ಕಣ್ಣಿನ ಕೆಳಗೆ. ಗೋಡೆಯ ಮೇಲೆ ಬೆಲೆಯಿಲ್ಲ, ಕೈಗೆ ಪಟ್ಟಿ ಕೊಡುವುದಿಲ್ಲ. ಸ್ಥಳವನ್ನು ವಾರಗಳ, ಕೆಲವೊಮ್ಮೆ ತಿಂಗಳುಗಳ ಮೊದಲೇ ಕಾದಿರಿಸಬೇಕು. ಕಾದಿರಿಸುವಾಗಲೇ ಒಗ್ಗದ ಪದಾರ್ಥಗಳೇನಾದರೂ ಇವೆಯೇ ಎಂದು ಕೇಳುತ್ತಾರೆ. ಸುಗಂಧದ್ರವ್ಯ ಲೇಪಿಸಿಕೊಂಡು ಬರಬಾರದೆಂಬ ಸೂಚನೆಯೂ ಉಂಟು. ಪಕ್ಕದವನ ಊಟದ ಪರಿಮಳಕ್ಕೆ ಅದು ಭಂಗ ತರುತ್ತದೆ. ಹೇಳದೆ ತಪ್ಪಿಸಿಕೊಂಡರೆ ಹಣ ತೆರಬೇಕು, ಏಕೆಂದರೆ ನಿಮಗಾಗಿ ಕೊಂಡ ಮೀನು ಇನ್ನೊಬ್ಬರಿಗಾಗಿ ಕಾಯುವುದಿಲ್ಲ.

ನಾವು ಹೋದಲ್ಲಿ ಒಬ್ಬರಿಗೆ ೩೦,೦೦೦ ಯೆನ್. ನಮ್ಮ ಹಣದಲ್ಲಿ ಹದಿನಾರು ಸಾವಿರ ರೂಪಾಯಿಗೆ ಹೆಚ್ಚು. ಇದನ್ನು ಕೇಳಿ ನಾನು ಬೇಡವೆಂದೆ. "ಅಪ್ಪಯ್ಯ, ಒಂದು ಸಲಕ್ಕೆ ನನ್ನ ಮಾತು ಕೇಳಿ" ಎಂದ ಮಗ. ಮೊದಲು ಸಣ್ಣ ಸಣ್ಣ ಬಟ್ಟಲುಗಳಲ್ಲಿ ನಾಲ್ಕಾರು ಪದಾರ್ಥಗಳು ಬಂದವು. ಆಮೇಲೆ ಒಂದೊಂದಾಗಿ ತುತ್ತುಗಳು. ಅನ್ನ ಮೈಯ ಬಿಸಿಯಷ್ಟೇ ಬೆಚ್ಚಗೆ. ಮೀನು ಅದಕ್ಕಿಂತ ತುಸು ತಂಪು. ಇಟ್ಟ ಒಡನೆ ಬಾಯಿಗೆ ಹಾಕಿಕೊಳ್ಳಬೇಕು. ಮಾತಾಡುತ್ತ ಕೂತರೆ ಆ ಎರಡು ಉಷ್ಣತೆಗಳ ಹೊಂದಾಣಿಕೆ ಕೆಡುತ್ತದೆ. ಕಡ್ಡಿಗಳನ್ನು ಬಿಟ್ಟು ಕೈಯಿಂದಲೇ ಎತ್ತಿಕೊಳ್ಳಬಹುದು ಎಂದು ತಿಳಿದಾಗ ನನಗೆ ಎಷ್ಟೋ ನಿರಾಳವಾಯಿತು. ನಡುನಡುವೆ ನಾಲಗೆಯನ್ನು ತೊಳೆಯಲು ಶುಂಠಿಯ ಉಪ್ಪಿನಕಾಯಿಯ ತೆಳುವಾದ ಹಾಳೆಗಳು. ಸೌಮ್ಯವಾದ ಬಿಳಿ ಮೀನಿನಿಂದ ತೊಡಗಿ, ಕೊಬ್ಬಿನ ಟ್ಯೂನದವರೆಗೆ ಏರಿ, ಮೊಟ್ಟೆಯ ತುಸು ಸಿಹಿಯಾದ ಹೋಳಿನಲ್ಲಿ ಇಳಿಯುವ ಕ್ರಮ ಅದು. ನಮ್ಮ ಪಂಕ್ತಿಯ ಊಟದಲ್ಲಿಯೂ ಬಡಿಸುವ ಕ್ರಮ ಉಣ್ಣುವವನ ಕೈಯಲ್ಲಿಲ್ಲ. ಆದರೆ ಅಲ್ಲಿ ಕ್ರಮ ಎಲೆಗೆಲ್ಲ ಒಂದೇ; ಇಲ್ಲಿ ಅದು ಎದುರಿಗೆ ಕೂತ ವ್ಯಕ್ತಿಯನ್ನು ನೋಡಿ ಬದಲಾಗುತ್ತದೆ.

ಇದರ ಅರ್ಥ ನನಗೆ ಆದದ್ದು ಹೀಗೆ. ನನ್ನದು ಕಟ್ಟಿಸಿದ ಹಲ್ಲು. ಮೊದಲು ಬಂದ ಬಟ್ಟಲುಗಳಲ್ಲಿ ಬೇಯಿಸಿದ ಆಕ್ಟೋಪಸ್ಸಿನ ಹೋಳಿತ್ತು. ಅದನ್ನು ನಾನು ಬಹಳ ಹೊತ್ತು ಅಗಿದೆ. ಯಾರಿಗೂ ಏನೂ ಹೇಳಲಿಲ್ಲ. ಅನಂತರ ನಮ್ಮ ಕರಾವಳಿಯಲ್ಲಿ ಬೊಂಡಾಸ್ ಎನ್ನುವ ಸ್ಕ್ವಿಡ್ಡಿನ ಸರದಿ ಬಂದಾಗ, ನನ್ನ ಮಗನ ತುತ್ತಿನ ಮೇಲೆ ಕತ್ತಿಯ ಗೀರುಗಳು ಕೆಲವೇ ಇದ್ದವು. ನನ್ನದರ ಮೇಲೆ ಕೂದಲೆಳೆಯ ಅಂತರದಲ್ಲಿ ಅಡ್ಡಡ್ಡ ಗೀರಿ, ತುತ್ತನ್ನೂ ಎರಡಾಗಿ ಮಾಡಿತ್ತು. ಹಲ್ಲಿಗೆ ಏನೂ ಕೆಲಸ ಉಳಿಯಲಿಲ್ಲ. ಹೀಗೆ ಕಾಣದಂತೆ ಕೊಯ್ಯುವುದಕ್ಕೆ ಜಪಾನೀಯರು 'ಬಚ್ಚಿಟ್ಟ ಕತ್ತಿ' ಎಂದು ಹೆಸರಿಟ್ಟಿದ್ದಾರೆ. ಆತ ಅದರ ವಿಷಯ ಒಂದು ಮಾತೂ ಆಡಲಿಲ್ಲ, ನನ್ನ ಕಡೆ ನೋಡಿ ನಗಲೂ ಇಲ್ಲ. ನಾನು ಪಟ್ಟಿ ನೋಡಿ ಹೇಳುವುದಾಗಿದ್ದರೆ, ಮುದುಕನಾದ ನನಗೆ ಮೆತ್ತಗಿನದನ್ನು ಕೊಡಿ ಎಂದು ನಾಲ್ಕು ಜನರೆದುರು ಕೇಳಬೇಕಾಗಿತ್ತು. ಕೇಳುವ ಸಂಕೋಚಕ್ಕೆ ಸ್ಕ್ವಿಡ್ಡನ್ನೇ ಬಿಟ್ಟುಬಿಡುತ್ತಿದ್ದೆನೇನೋ.

ಆ ಸಂಜೆಯ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಪಕ್ಕದಲ್ಲಿ ಕೂತಿದ್ದ ಗೃಹಸ್ಥರು 'ಉನಿ' ಇಲ್ಲವೇ ಎಂದು ವಿಚಾರಿಸಿದರು. ಕಡಲ ಮುಳ್ಳುಜೀವಿಯೊಂದರ ಒಳಗಿನ ಹಳದಿಯ ಭಾಗ ಅದು; ಬಹಳ ಬೆಲೆಯುಳ್ಳದ್ದು. ಇತಮಾಯೆ ತಲೆಬಾಗಿ ಎರಡು ಮಾತು ಹೇಳಿದರು. ಮಗ ನನಗೆ ವಿವರಿಸಿದ: "ಉತ್ತರದ ಕಡಲಿನಲ್ಲಿ ಗಾಳಿಯಂತೆ. ಮಾರುಕಟ್ಟೆಗೆ ಬಂದದ್ದು ಅವರ ಮನಸ್ಸಿಗೆ ಬರಲಿಲ್ಲವಂತೆ. ಇವತ್ತು ಇಲ್ಲ ಅಂತಾರೆ." ಗೃಹಸ್ಥರು ಸಮಾಧಾನದಿಂದ ತಲೆಯಾಡಿಸಿ ಚಹಾ ಕುಡಿದರು.

ಈ 'ಇವತ್ತು ಇಲ್ಲ' ಎಂಬ ಮಾತಿನಲ್ಲಿಯೇ ಒಮಕಸೆಯ ಸಾರವಿದೆ ಎಂದು ನನಗೆ ತೋರುತ್ತದೆ. ಮುದ್ರಿಸಿದ ಪಟ್ಟಿ ಒಂದು ವಾಗ್ದಾನ. ಅದರಲ್ಲಿ ಬರೆದುದನ್ನು ವರ್ಷವಿಡೀ ಕೊಡಬೇಕು. ಗಾಳಿಯಿರಲಿ, ಮಳೆಯಿರಲಿ, ಮೀನು ಮೊಟ್ಟೆಯಿಡುವ ಕಾಲವಿರಲಿ, ಪಟ್ಟಿಯಲ್ಲಿರುವುದು ತಟ್ಟೆಗೆ ಬರಲೇಬೇಕು. ಬಾರದಿದ್ದರೆ ಅಂಗಡಿಯ ಮರ್ಯಾದೆ ಹೋಗುತ್ತದೆ. ಉಣ್ಣುವವನು ಆಯ್ಕೆಯನ್ನು ಬಿಟ್ಟುಕೊಟ್ಟಾಗ ಮಾತ್ರ, ಸರಿಯಿಲ್ಲದುದನ್ನು ಕೊಡುವುದಿಲ್ಲ ಎನ್ನುವ ಸ್ವಾತಂತ್ರ್ಯ ಮಾಡುವವನಿಗೆ ದೊರಕುತ್ತದೆ. 'ಹಾಲಿಗೆ ಹಾಕಿದರೂ ಸರಿ, ನೀರಿಗೆ ಹಾಕಿದರೂ ಸರಿ' ಎಂದು ನಮ್ಮಲ್ಲಿ ಹೇಳುತ್ತಾರಷ್ಟೆ. ಅದು ಪೂರ್ಣ ಶರಣಾಗತಿ. ಹಾಕುವವನ ಮೇಲೆ ಅಲ್ಲಿ ಯಾವ ಕಟ್ಟೂ ಇಲ್ಲ. ಒಮಕಸೆಯಲ್ಲಿ ಕಟ್ಟು ಇದೆ. ಬಿಟ್ಟುಕೊಟ್ಟದ್ದನ್ನು ಹಿಡಿದುಕೊಂಡವನು ಇನ್ನು ಮುಂದೆ ಯಾವ ನೆಪವನ್ನೂ ಹೇಳುವಂತಿಲ್ಲ. ನೀವೇ ಕೇಳಿದಿರಿ, ಅದಕ್ಕೆ ಕೊಟ್ಟೆ ಎನ್ನುವ ಮಾತು ಅವನ ಬಾಯಿಂದ ಬರುವಂತಿಲ್ಲ.

ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಬಾಗಿಲಿಗೆ ಬುಟ್ಟಿ ಹೊತ್ತು ಮೀನಿನವಳೊಬ್ಬಳು ಬರುತ್ತಿದ್ದಳು. ನನ್ನ ತಾಯಿ ಆಕೆಯ ಬುಟ್ಟಿಯೊಳಗೆ ಕೈಯಿಟ್ಟು ಆರಿಸಿದ್ದನ್ನು ನಾನು ಕಂಡಿಲ್ಲ. ಆಕೆ ಕೊಟ್ಟದ್ದನ್ನು ಪಡೆದು ಅಕ್ಕಿಯನ್ನೋ ಕಾಸನ್ನೋ ಕೊಡುತ್ತಿದ್ದರು. ಕೆಲವು ದಿನ ಬುಟ್ಟಿ ತುಂಬಿದ್ದರೂ ಆಕೆ ಅಂಗಳದಲ್ಲಿಯೇ ನಿಂತು "ಇವತ್ತಿನದು ಬೇಡ ಅಮ್ಮ" ಎಂದು ಹೊರಟುಹೋಗುತ್ತಿದ್ದಳು. ಅಂಥ ನಂಬಿಕೆಗೆ ಮೂವತ್ತು ಸಾವಿರ ಯೆನ್ ಬೇಕಾಗಿರಲಿಲ್ಲ. ಹತ್ತು ವರ್ಷ ಒಂದೇ ಬಾಗಿಲಿಗೆ ಬಂದ ಬಳಕೆ ಸಾಕಾಗಿತ್ತು. ಜಪಾನಿನಲ್ಲಿಯೂ ಒಮಕಸೆ ಎಂಬುದು ಮೊದಲು ಇಂಥ ಬಳಕೆಯವರ ಮಾತೇ ಆಗಿತ್ತು. ದಶಕಗಳ ಪರಿಚಯದಿಂದ ಹುಟ್ಟಬೇಕಾದ ವಿಶ್ವಾಸವನ್ನು ಒಂದೇ ಸಂಜೆಯಲ್ಲಿ ಅಪರಿಚಿತನಿಗೆ ಒದಗಿಸಲು ಹೊರಟಾಗ ಬೆಲೆ ಏರುವುದು ಸಹಜ. ಆದರೆ ಬೆಲೆ ಏರಿದ ಮಾತ್ರಕ್ಕೆ ವಿಶ್ವಾಸ ಹುಟ್ಟುತ್ತದೆಂದು ಹೇಳಲಾಗದು. ಬೇರೆ ದೇಶಗಳ ನಗರಗಳಲ್ಲಿ ಈ ಪದ ಹೆಚ್ಚಿನ ಬೆಲೆಗೆ ಕೊಟ್ಟ ಇನ್ನೊಂದು ಹೆಸರಾಗುತ್ತಿರುವುದೂ ಉಂಟು. ಉಣ್ಣುವವನನ್ನು ನೋಡದೆ ಎಲ್ಲರಿಗೂ ಒಂದೇ ಸರಣಿಯನ್ನು ಇಡುವಲ್ಲಿ ಒಮಕಸೆ ಎಂಬ ಮಾತಿಗೆ ಅರ್ಥವಿಲ್ಲ. ಅದು ಪಟ್ಟಿಯನ್ನು ಬಚ್ಚಿಟ್ಟ ಒಕಿಮರಿ ಅಷ್ಟೆ.

ಕೆಲವು ಬಾಗಿಲುಗಳು ಹಣವಿದ್ದರೂ ತೆರೆಯುವುದಿಲ್ಲ. ಟೋಕಿಯೋದ ಸುಕಿಯಬಶಿ ಜಿರೋ ಎಂಬ ಹತ್ತು ಪೀಠಗಳ ಅಂಗಡಿ ೨೦೧೧ರ ಸಾಕ್ಷ್ಯಚಿತ್ರವೊಂದರಿಂದ ಲೋಕಪ್ರಸಿದ್ಧವಾಯಿತು. ೨೦೧೪ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಒಬಾಮ ಅಲ್ಲಿ ಉಂಡರು. ೨೦೧೯ರಲ್ಲಿ ಮಿಶೆಲಿನ್ ಕೈಪಿಡಿಯವರು ಅದನ್ನು ತಮ್ಮ ಪುಸ್ತಕದಿಂದ ಬಿಟ್ಟರು. ರುಚಿ ಕೆಟ್ಟಿತೆಂದಲ್ಲ, ಸಾರ್ವಜನಿಕರು ನೇರವಾಗಿ ಸ್ಥಳ ಕಾದಿರಿಸುವ ಅವಕಾಶ ಅಲ್ಲಿಲ್ಲ ಎಂಬ ಕಾರಣಕ್ಕೆ. ಕೂಲಿಯವರ ತಿನಿಸಾಗಿ ಹುಟ್ಟಿದ್ದು ಪರಿಚಯದ ಪತ್ರವಿಲ್ಲದೆ ದೊರಕದಂತಾದುದು ಸಂತೋಷದ ಸಂಗತಿಯೇನಲ್ಲ. ಸಸ್ಯಾಹಾರಿಗಳಿಗಂತೂ ಅಲ್ಲಿ ಪ್ರವೇಶವೇ ಕಷ್ಟ. ಮೀನಿಲ್ಲದಂತೆ ತೋರುವ ಪದಾರ್ಥಗಳಲ್ಲಿಯೂ ಅನೇಕವಕ್ಕೆ ಮೀನಿನ ರಸ ಸೇರಿರುತ್ತದೆ. ಎಲ್ಲವನ್ನೂ ನಿಮಗೆ ಬಿಟ್ಟಿದ್ದೇನೆ ಎಂದು ಹೇಳಬಲ್ಲವನಿಗೆ ಮಾತ್ರ ಒಮಕಸೆ.

ಇನ್ನು ಕೊನೆಯ ವಿಚಾರ. ಉಣ್ಣುವವನು ಮಾಡುವವನಿಗೆ ಬಿಟ್ಟ. ಮಾಡುವವನಾದರೋ ಯಾರಿಗೆ ಬಿಟ್ಟಿದ್ದಾನೆ? ೧೯೩೫ರಿಂದ ತ್ಸುಕಿಜಿಯಲ್ಲಿದ್ದ ಟೋಕಿಯೋದ ಮೀನಿನ ಮಾರುಕಟ್ಟೆ ೨೦೧೮ರ ಅಕ್ಟೋಬರಿನಲ್ಲಿ ತೊಯೊಸು ಎಂಬಲ್ಲಿಗೆ ಹೋಯಿತು. ಅಲ್ಲಿ ನಸುಕಿನಲ್ಲಿ ಟ್ಯೂನದ ಹರಾಜು ನಡೆಯುತ್ತದೆ. ಬಾಲದ ಬಳಿ ಕೊಯ್ದ ಮಾಂಸವನ್ನು ಬೆರಳಿನಲ್ಲಿ ತಿಕ್ಕಿ ಕೊಬ್ಬನ್ನು ಅಳೆಯುವ ಮಧ್ಯವರ್ತಿಗಳಿದ್ದಾರೆ. ಇತಮಾಯೆ ತನಗೆ ಬೇಕಾದ ಟ್ಯೂನವನ್ನು ಅಂಥ ಒಬ್ಬನ ಮಾತಿನ ಮೇಲೆ ಕೊಳ್ಳುತ್ತಾನೆ. ಅದೂ ಒಂದು ಒಮಕಸೆಯೇ. ಮಧ್ಯವರ್ತಿ ಬೆಸ್ತನನ್ನು ನಂಬಿದ್ದಾನೆ, ಬೆಸ್ತ ಕಡಲನ್ನು ನಂಬಿದ್ದಾನೆ. ಕಡಲು ಮಾತ್ರ ಯಾರನ್ನೂ ನಂಬುವಂತಿಲ್ಲ.

ಎದೋ ಕಾಲದಲ್ಲಿ ಟ್ಯೂನದ ಕೊಬ್ಬಿನ ಭಾಗವನ್ನು ಬೆಕ್ಕೂ ದಾಟಿಹೋಗುವ ವಸ್ತು ಎಂದು ಬಿಸಾಡುತ್ತಿದ್ದರಂತೆ. ರುಚಿ ಬದಲಾಯಿತು. ೨೦೧೯ರ ಜನವರಿಯಲ್ಲಿ, ಹೊಸ ವರ್ಷದ ಮೊದಲ ಹರಾಜಿನಲ್ಲಿ ೨೭೮ ಕಿಲೋ ತೂಕದ ಒಂದು ಟ್ಯೂನ ೩೩ ಕೋಟಿ ೩೬ ಲಕ್ಷ ಯೆನ್‌ಗೆ ಹೋಯಿತು. ವರ್ಷದ ಮೊದಲ ಹರಾಜಿನ ಬೆಲೆಯಲ್ಲಿ ಪ್ರಚಾರದ ಪಾಲೇ ಹೆಚ್ಚು, ನಿಜ. ಆದರೆ ಅದರ ಹಿಂದಿರುವ ಹಸಿವು ಸುಳ್ಳಲ್ಲ. ೨೦೧೦ರ ಸುಮಾರಿಗೆ ಶಾಂತಸಾಗರದ ಈ ದೊಡ್ಡ ಟ್ಯೂನದ ಸಂತತಿ, ಮನುಷ್ಯ ಹಿಡಿಯದೆ ಇದ್ದಿದ್ದರೆ ಎಷ್ಟಿರುತ್ತಿತ್ತೋ ಅದರ ಶೇಕಡಾ ಎರಡರಷ್ಟಕ್ಕೆ ಇಳಿದಿತ್ತು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಆಮೇಲೆ ದೇಶಗಳು ಕೂಡಿ ೨೦೧೫ರಿಂದ, ೩೦ ಕಿಲೋ ತುಂಬದ ಎಳೆಯ ಮೀನುಗಳ ಹಿಡಿತವನ್ನು ಹಿಂದಿನ ಮಟ್ಟದ ಅರ್ಧಕ್ಕೆ ಇಳಿಸಿದವು. ೨೦೨೪ರ ಲೆಕ್ಕದ ಪ್ರಕಾರ ಆ ಸಂತತಿ ಶೇಕಡಾ ೨೦ನ್ನು ದಾಟಿ ಚೇತರಿಸಿಕೊಂಡಿದೆ, ಅದೂ ಎಣಿಸಿದ್ದಕ್ಕಿಂತ ಬೇಗನೆ. ಅಂಗಳದಲ್ಲಿ ನಿಂತು ಮೀನಿನವಳು ಹೇಳಿದ 'ಇವತ್ತಿನದು ಬೇಡ' ಎಂಬ ಮಾತನ್ನೇ ಇಲ್ಲಿ ಕಾನೂನು ಹೇಳಿತು. ಹೇಳಿದ್ದರಿಂದ ಫಲವೂ ಕಂಡಿತು.

ಜಪಾನೀಯರು ಊಟ ಮುಗಿದ ಮೇಲೆ 'ಗೊಚಿಸೋಸಮ' ಎಂದು ಹೇಳಿ ಏಳುತ್ತಾರೆ. ಮನೆಯಲ್ಲಿ ಹೆಂಡತಿಗೆ, ತಾಯಿಗೆ ಹೇಳುವುದೂ ಇದನ್ನೇ, ಬೀದಿಯ ಅಂಗಡಿಯವನಿಗೆ ಹೇಳುವುದೂ ಇದನ್ನೇ. ಈ ಮಾತಿನ ನಡುವೆ ಇರುವ 'ಚಿಸೋ' ಎಂಬ ಶಬ್ದಕ್ಕೆ ಓಡಾಟ ಎಂದು ಮೂಲಾರ್ಥ. ಅತಿಥಿಯ ಊಟಕ್ಕೆ ಬೇಕಾದುದನ್ನು ಕೂಡಿಸಲು ಆತಿಥೇಯ ಓಡಾಡಿದ ದಣಿವನ್ನು ಅದು ನೆನೆಯುತ್ತದೆ. ತಟ್ಟೆಯಲ್ಲಿ ಕಂಡದ್ದಕ್ಕೆ ಮಾತ್ರವಲ್ಲದೆ, ಕಾಣದ ಆ ಓಡಾಟಕ್ಕೂ, ಓಡಾಡಿಯೂ ಮನಸ್ಸಿಗೆ ಬಾರದೆ ಬಿಟ್ಟುಬಂದದ್ದಕ್ಕೂ ಈ ಕೃತಜ್ಞತೆ ಸಲ್ಲುತ್ತದೆ ಎಂದು ನಾನು ತಿಳಿದುಕೊಂಡಿದ್ದೇನೆ. ನಂಬಿ ಉಣ್ಣುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಬೇಡವೆನ್ನಬೇಕಾದ ದಿನ ಬೇಡವೆನ್ನುವ ಬಡಿಸುವವರು ಇರುವವರೆಗೆ ಅವರ ನಂಬಿಕೆಗೆ ಮೋಸವಾಗದು.